ಬೆಳ್ಳುಳ್ಳಿ ಊರಿನ ಹಿರಿಯರು

ತೈವಾನಿಗೆ ಹೋಗಲು ನಾನು ಒಪ್ಪಿದ್ದು ಒಂದೇ ಒಂದು ಆಸೆಯಿಂದ. ಅಲ್ಲಿರುವ ಮುದುಕಿ ನನ್ನ ಮಗಳ ಮದುವೆ ಬೇಡ ಎಂದುಬಿಡಲಿ, ಬೇಡ ಎನ್ನುವ ಪಾಪ ನನ್ನ ತಲೆಗೆ ಬಾರದಿರಲಿ ಎಂದು. ಇದನ್ನು ಯಾರ ಮುಂದೆಯೂ ಬಾಯಿಬಿಟ್ಟು ಹೇಳಿರಲಿಲ್ಲ. ಗಂಡನಿಗೆ ಮಾತ್ರ ಗೊತ್ತಿತ್ತು. ಅವರಿಗೆ ಹೇಳದೆಯೇ ಎಲ್ಲ ಗೊತ್ತಾಗುತ್ತದೆ, ಗೊತ್ತಾದ ಮೇಲೂ ಸುಮ್ಮನಿರುತ್ತಾರೆ. ನನಗೆ ಸಿಟ್ಟು ಬರುವುದೇ ಅದಕ್ಕೆ.

ನಾವು ಗದಗಿನ ಕಡೆಯವರು, ಅಮೆರಿಕದ ಬಾಥೆಲ್‌ಗೆ ಬಂದು ನೆಲೆನಿಂತು ಎಷ್ಟೋ ವರ್ಷಗಳಾದವು. ನಾನು ಇಲ್ಲಿಯ ಒಂದು ಔಷಧಿ ಕಂಪನಿಯ ಲ್ಯಾಬಿನಲ್ಲಿ ಪರೀಕ್ಷೆಯ ಕೆಲಸ ಮಾಡುತ್ತೇನೆ, ಗಂಡ ಎಂಜಿನಿಯರ್. ಒಬ್ಬಳೇ ಮಗಳು, ಇಲ್ಲಿಯೇ ಹುಟ್ಟಿದವಳು. ಅವಳಿಗೆ ಕನ್ನಡ ಬೈಗುಳ ಸಮೇತ ಪೂರ್ತಿ ಅರ್ಥವಾಗುತ್ತದೆ, ಉತ್ತರ ಕೊಡುವುದು ಮಾತ್ರ ಇಂಗ್ಲಿಷಿನಲ್ಲಿ. ಹತ್ತಿರದ ಫ್ರೀಮಾಂಟ್‌ನ ಒಂದು ಆಫೀಸಿನಲ್ಲಿ ಕೆಲಸಕ್ಕೆ ಸೇರಿದಳು. ಹುಡುಗ ಸಿಕ್ಕಿದ್ದು ಅಲ್ಲಿಯೇ. ತೈವಾನಿನವನು.

ಮೊದಲ ಸಲ ಮನೆಗೆ ಬಂದಾಗ ನಾನು ಬೇಕೆಂದೇ ಖಾರದ ಮಿರ್ಚಿ ಭಜಿ ಮಾಡಿದ್ದೆ. ಹುಡುಗ ಬಾಗಿಲಲ್ಲೇ ಬೂಟು ಬಿಚ್ಚಿ ನೆಟ್ಟಗೆ ಜೋಡಿಸಿಟ್ಟ, ಎರಡು ಕೈಯಿಂದ ತಟ್ಟೆ ತೆಗೆದುಕೊಂಡ, ಕಣ್ಣಲ್ಲಿ ಮೂಗಲ್ಲಿ ನೀರು ಸುರಿಸಿಕೊಂಡು ತಿಂದು ಇನ್ನೊಂದು ಕೇಳಿದ. ತಪ್ಪು ಹುಡುಕಲು ಕೂತರೆ ಪುಣ್ಯಾತ್ಮ ಒಂದನ್ನೂ ಕೊಡಲಿಲ್ಲ. ಹಾಗಾದರೆ ನನ್ನ ತಕರಾರೇನು? ನಾಳೆ ಅವಳ ಮನೆಗೆ ಹೋದರೆ ನಾನು ಯಾರ ಜೊತೆ ಕೂತು ಏನು ಮಾತಾಡಲಿ, ಹುಟ್ಟುವ ಮಕ್ಕಳು ನನ್ನನ್ನು ಏನೆಂದು ಕರೆಯಬೇಕು, ಇಂಥವೇ. ಇಲ್ಲಿಯ ಗುಡಿಯಲ್ಲಿ ಬೆಂಗಳೂರಿನ ಹೆಂಗಸೊಬ್ಬರು, "ಮಗಳಿಗೆ ಎಲ್ಲಾದ್ರೂ ನೋಡ್ತಿದೀರಾ?" ಎಂದು ಕೇಳಿದಾಗ, "ಇನ್ನೂ ಓದಾಕತ್ತಾಳ್ರೀ" ಎಂದುಬಿಟ್ಟಿದ್ದೆ. ಆಗಲೇ ಅವಳು ನನಗಿಂತ ಹೆಚ್ಚು ಸಂಬಳ ತರುತ್ತಿದ್ದಳು.

ಒಂದು ವರ್ಷ 'ನೋಡೂಣು' ಎನ್ನುತ್ತಲೇ ಕಳೆದೆ. ಒಂದು ದಿನ ಮಗಳ ಕಾರಿನಲ್ಲಿ ಬರುವಾಗ ಹೈವೇ ಟ್ರಾಫಿಕ್ಕಿನಲ್ಲಿ ಗಾಡಿ ನಿಂತುಹೋಯಿತು. ಅವಳು ಸ್ಟಿಯರಿಂಗ್ ಮೇಲೆ ಕೈಯಿಟ್ಟುಕೊಂಡು, "ಅಮ್ಮಾ, ಯೆಸ್ ಆರ್ ನೋ?" ಎಂದಳು.

"ಮುಂದ ನೋಡಿ ಗಾಡಿ ಹೊಡಿ" ಎಂದೆ.

"ಗಾಡಿ ನಿಂತಿದೆ" ಎಂದು ಇಂಗ್ಲಿಷಿನಲ್ಲಿ ಹೇಳಿದಳು. ಆಮೇಲೆ ನಿಧಾನವಾಗಿ, ಆಫೀಸಿನಲ್ಲಿ ಹೇಳುವ ಹಾಗೆ ಹೇಳಿದಳು. ನೀನು ಬೇಡ ಎಂದರೆ ನಾನು ಮಾಡಿಕೊಳ್ಳುವುದಿಲ್ಲ, ಆದರೆ ನೀನು ಬಾಯಿಬಿಟ್ಟು ಹೇಳಬೇಕು, ಹೌದು ಅಥವಾ ಇಲ್ಲ, ಎರಡರಲ್ಲಿ ಒಂದು. ಜಗಳವಾಡಿದ್ದರೆ ನಾನು ಗೆಲ್ಲುತ್ತಿದ್ದೆ. ಹೀಗೆ ನನ್ನ ಕೈಗೇ ಕೊಟ್ಟರೆ ಏನು ಮಾಡಲಿ? ರೇಡಿಯೋ ಹಚ್ಚಿದೆ.

ಆ ಹೊತ್ತಿಗೆ ಒದಗಿದ್ದು ಹುಡುಗನ ಮನೆಯ ಪದ್ಧತಿ. ಅವನ ತಂದೆ ತಾಯಿ ಪಕ್ಕದ ಊರಾದ ಮಿಲ್ ಕ್ರೀಕ್‌ನಲ್ಲಿದ್ದಾರೆ, ಅವರು ಒಪ್ಪಿದ್ದರು. ಆದರೆ ಮನೆಗೆ ಸೊಸೆ ಬರುವ ಮುಂಚೆ ಊರಿನಲ್ಲಿರುವ ಅಜ್ಜಿ ಮನೆಯ ಹಿರಿಯರನ್ನು ಕೇಳಬೇಕಂತೆ. ಹಿರಿಯರೆಂದರೆ ತೀರಿಹೋದವರು. ಅವರು ಹೂಂ ಅಂದರೆ ಮದುವೆ, ಇಲ್ಲವಾದರೆ ಇಲ್ಲ. ಹುಡುಗನನ್ನು ಚಿಕ್ಕಂದಿನಲ್ಲಿ ಸಾಕಿದವಳು ಆ ಅಜ್ಜಿ. ಅವಳ ಮಾತು ಮೀರುವುದು ನನ್ನಿಂದಾಗದು ಎಂದು ಅವನೇ ನಮ್ಮ ಮನೆಯ ಸೋಫಾದ ಮೇಲೆ ತಲೆ ತಗ್ಗಿಸಿ ಹೇಳಿದ. ಕೇಳುವಾಗ ಹುಡುಗಿಯೂ ಅವಳ ಮನೆಯವರೂ ಎದುರಿಗಿದ್ದರೆ ಒಳ್ಳೆಯದು ಎಂದೂ ಹೇಳಿದ.

"ಕ್ರಿಸ್‌ಮಸ್ ರಜಾ ಐತಿ. ಹೋಗಿ ಬರೂಣ ನಡಿ" ಎಂದರು ಗಂಡ.

"ಹೋಗೂಣ್ರಿ. ಆ ಮುದುಕಿ ಏನಂತಾಳ ಕೇಳೂಣು" ಎಂದೆ. ನಾನು ಇಷ್ಟು ಸುಲಭಕ್ಕೆ ಒಪ್ಪಿದ್ದು ನೋಡಿ ಮಗಳು ನನ್ನನ್ನು ಅಪ್ಪಿಕೊಂಡಳು. ನಾನು ಮಿಸುಕಾಡದೆ ನಿಂತಿದ್ದೆ.

ಅಜ್ಜಿಗೆ ಕೊಡಲು ಪೆಟ್ಟಿಗೆಯಲ್ಲಿ ಒಂದು ಇಳಕಲ್ ಸೀರೆ ಇಟ್ಟುಕೊಳ್ಳೋಣವೇ ಎಂದು ಗಂಡ ಕೇಳಿದರು. ಸೀರೆ ಒಯ್ದರೆ ಬೀಗರ ಮನೆಗೆ ಹೊರಟ ಹಾಗಾಗುತ್ತದೆ, ಬ್ಯಾಡ ಎಂದೆ. ಏರ್‌ಪೋರ್ಟಿನಲ್ಲಿ ಒಂದು ಡಬ್ಬಿ ಚಾಕೊಲೇಟು, ಒಣಗಿಸಿದ ಚೆರ್ರಿ ಹಣ್ಣಿನ ಎರಡು ಪೊಟ್ಟಣ ಕೊಂಡೆ.

ಹುಡುಗನ ತಂದೆ ತಾಯಿಗೆ ರಜೆ ಸಿಗಲಿಲ್ಲ, ಅವನು ನಮ್ಮ ಜೊತೆ ಬಂದ. ವಿಮಾನ ಇಳಿದು, ಬುಲೆಟ್ ರೈಲು ಹತ್ತಿ, ಇಳಿದ ಕಡೆ ಹುಡುಗನ ಚಿಕ್ಕಪ್ಪ ಕಾರು ತಂದಿದ್ದರು. ಬೆಳ್ಳುಳ್ಳಿ ಬೆಳೆಯುವ ರೈತರು, ಕುತ್ತಿಗೆ ಬಿಸಿಲಿಗೆ ಸುಟ್ಟು ಕೆಂಪಾದ, ಮಾತು ಕಡಿಮೆಯ ಮನುಷ್ಯ. ಅಲ್ಲಿಂದ ಸಮುದ್ರದ ಕಡೆಗೆ ಹೋಗುವ ದಾರಿ ತಟ್ಟೆಯ ಹಾಗೆ ಸಪಾಟು. ಎರಡೂ ಬದಿಗೆ ಬೆಳ್ಳುಳ್ಳಿಯ ಹಸಿರು ಸಾಲುಗಳು, ನಡುನಡುವೆ ಎಲೆಕೋಸು, ಮುಂದೆ ಹೋದಂತೆ ಮೀನು ಸಾಕುವ ಚೌಕ ಚೌಕ ಕೆರೆಗಳು, ದೂರದಲ್ಲಿ ಸಾಲಾಗಿ ತಿರುಗುವ ಗಾಳಿಯಂತ್ರಗಳು. ಗದಗಿನ ಗುಡ್ಡದ ಮೇಲೂ ಈಗ ಇವೇ ನಿಂತಿವೆ. ಗಂಡ ಅದನ್ನೇ ಹೇಳಲು ಬಾಯಿ ತೆರೆದರು, ನಾನು ಕಿಟಕಿಯ ಕಡೆ ತಿರುಗಿ ಕೂತೆ. ಊರು ಚೆನ್ನಾಗಿದೆ ಎನ್ನುವ ಮಾತು ಕಾರಿನಲ್ಲಿ ಹುಟ್ಟುವುದು ನನಗೆ ಬೇಕಿರಲಿಲ್ಲ.

ಊರೆಂದರೆ ಒಂದೇ ಉದ್ದನೆಯ ಬೀದಿ. ಒಂದು ಗೊಬ್ಬರದ ಅಂಗಡಿ, ಸ್ಕೂಟರ್ ರಿಪೇರಿಯ ಅಂಗಡಿ, ಮೂಲೆಯಲ್ಲಿ ಕನ್ನಡಿಯಂತೆ ಹೊಳೆಯುವ ಕನ್ವೀನಿಯನ್ಸ್ ಸ್ಟೋರ್, ಅದರ ಎದುರಿಗೆ ಮಾಡಿನ ತುಂಬ ಬಣ್ಣದ ಗೊಂಬೆಗಳಿರುವ ದೊಡ್ಡ ಗುಡಿ. ಮಧ್ಯಾಹ್ನವಾದರೂ ಬೀದಿಯಲ್ಲಿ ಜನವಿಲ್ಲ. ಒಂದು ನಾಯಿ ರಸ್ತೆಯ ನಡುವೆ ಮಲಗಿತ್ತು, ಚಿಕ್ಕಪ್ಪ ಹಾರ್ನ್ ಹೊಡೆಯದೆ ಅದನ್ನು ಸುತ್ತಿಕೊಂಡು ಹೋದರು. ಮರಗಳೆಲ್ಲ ಒಂದೇ ಕಡೆಗೆ ಬಾಗಿದ್ದವು. ಕಾರಿನ ಬಾಗಿಲು ತೆರೆದ ಮೇಲೆ ಯಾಕೆಂದು ಗೊತ್ತಾಯಿತು. ಅಬ್ಬಬ್ಬಾ, ಅದೇನು ಗಾಳಿ! ಸೆರಗು ತಲೆಯ ಮೇಲೆ ಹಾರಿತು, ಬಾಯಿಗೆ ಮರಳು ಬಂತು. ಚಳಿಗಾಲ ಮುಗಿಯುವವರೆಗೂ ಹೀಗೆಯೇ ಎಂದು ಹುಡುಗ ಹೇಳಿದ.

ಮನೆ ಮೂರು ಕಡೆ ಕೋಣೆಗಳಿದ್ದು ನಡುವೆ ಸಿಮೆಂಟಿನ ಅಂಗಳವಿರುವಂಥದ್ದು. ಅಂಗಳದ ತುಂಬ ಶೇಂಗಾ ಹರವಿತ್ತು! ಮಣ್ಣಿನ ಬಣ್ಣದ ಸಿಪ್ಪೆಯ ಶೇಂಗಾ, ಗೋಡೆಯಿಂದ ಗೋಡೆಗೆ. ಅದರ ನಡುವೆ ಹೂವಿನ ಬಟ್ಟೆಯ ಟೊಪ್ಪಿಗೆ ಹಾಕಿ, ಅದೇ ಬಟ್ಟೆಯಿಂದ ಮುಖ ಮುಚ್ಚಿಕೊಂಡ ಒಂದು ಪುಟ್ಟ ಆಕೃತಿ ಮರದ ಹಲಗೆಯಿಂದ ಕಾಯಿಗಳನ್ನು ಮಗುಚಿ ಹಾಕುತ್ತಿತ್ತು. ನಮ್ಮನ್ನು ನೋಡಿ ಮುಖದ ಬಟ್ಟೆ ಸರಿಸಿತು. ಅದೇ ಆ ಮುದುಕಿ.

ಹುಡುಗ ಓಡಿಹೋಗಿ ಅವಳ ಮುಂದೆ ಬಗ್ಗಿ ನಿಂತ. ಅವಳು ಅವನ ಕಿವಿ ಹಿಡಿದು ಎಳೆದು ಏನೋ ಬೈದಳು, ತೆಳ್ಳಗಾಗಿದ್ದೀ ಎಂದಿರಬೇಕು, ಎಲ್ಲ ಊರಿನ ಅಜ್ಜಿಯರು ಅದನ್ನೇ ಅನ್ನುವುದು. ಮಗಳ ಎರಡೂ ಕೈ ಹಿಡಿದುಕೊಂಡು ಬಹಳ ಹೊತ್ತು ನೋಡಿದಳು. ಆಮೇಲೆ ನನ್ನ ಮುಂದೆ ಬಂದು ನನ್ನ ಬೊಗಸೆಗೆ ಹಿಡಿ ಶೇಂಗಾ ಹಾಕಿದಳು.

ನನ್ನ ತವರಿನಲ್ಲಿ ವರ್ಷಾ ವರ್ಷ ಅಂಗಳದ ತುಂಬ ಶೇಂಗಾ ಒಣಗುತ್ತಿತ್ತು. ಕೈಗೆ ಬಂದರೆ ಸುಮ್ಮನಿರುವುದಾದರೂ ಹೇಗೆ? ಒಂದು ಕಾಯಿ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದೆ. ಒಳಗಿನ ಕಾಳು ಸದ್ದು ಮಾಡಲಿಲ್ಲ. ಇನ್ನೂ ಒಣಗಿಲ್ಲ ಎಂದು ತಲೆಯಾಡಿಸಿದೆ. ಅವಳೂ ಒಂದು ಕಾಯಿ ಕಿವಿಗೆ ಹಿಡಿದು ಅಲ್ಲಾಡಿಸಿ, ಹೌದು, ಇನ್ನೂ ಇಲ್ಲ ಎಂದು ತಲೆಯಾಡಿಸಿದಳು. ಗಂಡ ನಗುತ್ತಿದ್ದರು. ನನಗೆ ಸಿಟ್ಟು ಬಂತು. ನಾನು ಬಂದ ಕೆಲಸ ಇದಲ್ಲ.

ಅವರ ಪಂಚಾಂಗ ನೋಡಿ ಮರುದಿನ ಮಧ್ಯಾಹ್ನವನ್ನು ಗೊತ್ತು ಮಾಡಿದ್ದರು. ಅದಕ್ಕೆ ಮುಂಚೆ ಊಟ. ನಾವು ಮಾಂಸ ಮುಟ್ಟದವರು ಎಂದು ಹುಡುಗ ಮೊದಲೇ ಹೇಳಿದ್ದ, ಮುದುಕಿ ನಮಗಾಗಿ ಹೊಸ ಬಾಣಲೆ ಕೊಂಡಿದ್ದಳಂತೆ. ಊಟಕ್ಕೆ ಕೂತರೆ ಮೇಜಿನ ನಡುವೆ ಒಂದು ಇಡೀ ಮೀನು! ಬಾಲ, ರೆಕ್ಕೆ, ಮೈಮೇಲೆ ಕಪ್ಪು ಚರ್ಮ. ನಾನು ಕುರ್ಚಿ ಹಿಂದಕ್ಕೆ ಸರಿಸಿದೆ. "ನೋಡ್ರಿ, ಇದು ಬೇಕಂತಲೇ ಮಾಡಿದ್ದು" ಎಂದೆ ಗಂಡನಿಗೆ. ಮಗಳು, "ಅಮ್ಮಾ, ಪ್ಲೀಸ್" ಎಂದಳು. ಹುಡುಗ ಗಾಬರಿಯಾಗಿ ಅದನ್ನು ಕತ್ತರಿಸಿ ತೋರಿಸಿದ. ಒಳಗೆಲ್ಲ ಸೋಯಾ, ಚರ್ಮವೆಂದರೆ ಸಮುದ್ರದ ಪಾಚಿಯ ಹಾಳೆ. ಶಾಕಾಹಾರಿ ನೆಂಟರು ಬಂದರೆ ಹೀಗೆ ಮೀನಿನ ರೂಪದಲ್ಲಿ ಮಾಡಿಸಿ ಬಡಿಸುವುದು ಅಲ್ಲಿಯ ಮರ್ಯಾದೆ. ಹತ್ತಿರದ ಪೇಟೆಗೆ ಹೋಗಿ ವಿಶೇಷವಾಗಿ ತರಿಸಿದ್ದರಂತೆ.

ತಿಂದೆ. ಎಲ್ಲವೂ ಸಪ್ಪೆ. ಮನೆಯ ಹಿಂದಿನ ಚಪ್ಪರದಲ್ಲಿ ಗೊಂಚಲು ಗೊಂಚಲಾಗಿ ಬೆಳ್ಳುಳ್ಳಿ ತೂಗುಬಿಟ್ಟಿದೆ, ಊರಿಗೆ ಊರೇ ಬೆಳ್ಳುಳ್ಳಿ, ತಟ್ಟೆಯಲ್ಲಿ ಒಂದು ಎಸಳೂ ಇಲ್ಲ. ಕೇಳಿದರೆ, ಅವರಲ್ಲಿ ಶಾಕಾಹಾರ ಎಂದರೆ ಬೆಳ್ಳುಳ್ಳಿ ಈರುಳ್ಳಿಯೂ ವರ್ಜ್ಯ. ಮಡಿಯವರು ಬಂದಿದ್ದಾರೆ ಎಂದು ಮುದುಕಿ ಅಷ್ಟು ಜಾಗ್ರತೆ ಮಾಡಿದ್ದಳು. ಬೆಳ್ಳುಳ್ಳಿ ಖಾರವಿಲ್ಲದೆ ರೊಟ್ಟಿ ಇಳಿಯದ ಹೆಂಗಸು ನಾನು. "ಬೆಳ್ಳುಳ್ಳಿ ತಿಂತೇವಿ ಅಂತ ಹೇಳಲೇನ್ರಿ?" ಎಂದು ಗಂಡನನ್ನು ಕೇಳಿದೆ. "ಸುಮ್ನ ಉಣ್ಣು" ಎಂದರು. ಉಂಡೆ.

ಊಟವಾದ ಮೇಲೆ ಎಲ್ಲರೂ ನಡುಮನೆಗೆ ಹೋದೆವು. ಬಾಗಿಲಿನೆದುರು ಕೆಂಪು ಬಣ್ಣದ ಎತ್ತರದ ಮೇಜು, ಅದರ ಮೇಲೆ ಹಿರಿಯರ ಹೆಸರು ಬರೆದ ಮರದ ಫಲಕ, ಎರಡು ಕೆಂಪು ದೀಪ, ಬೂದಿ ತುಂಬಿದ ಧೂಪದ ಪಾತ್ರೆ. ಪಕ್ಕದ ಗೋಡೆಯಲ್ಲಿ ಹುಡುಗನ ಅಜ್ಜನ ಫೋಟೋ. ಮುದುಕಿ ತಲೆ ಬಾಚಿಕೊಂಡು ಬೇರೆ ಅಂಗಿ ಹಾಕಿ ಬಂದಿದ್ದಳು. ಕಿತ್ತಳೆ ಹಣ್ಣು ಇಟ್ಟು, ಊದುಬತ್ತಿ ಹಚ್ಚಿ, ಮೇಜಿನಿಂದ ಎರಡು ಮರದ ತುಂಡು ಕೈಗೆ ತೆಗೆದುಕೊಂಡಳು. ಸಿಪ್ಪೆ ಸುಲಿದ ಗೋಡಂಬಿಯ ಆಕಾರ, ಅಂಗೈ ಅಗಲ. ಒಂದು ಮಗ್ಗುಲು ಸಪಾಟು, ಇನ್ನೊಂದು ಉಬ್ಬು. ಹುಡುಗ ಮೆಲ್ಲಗೆ ವಿವರಿಸಿದ. ಪ್ರಶ್ನೆ ಕೇಳಿ ಎರಡನ್ನೂ ನೆಲಕ್ಕೆ ಹಾಕಬೇಕು. ಒಂದು ಸಪಾಟು, ಒಂದು ಉಬ್ಬು ಮೇಲಾಗಿ ಬಿದ್ದರೆ ಹಿರಿಯರು ಹೌದೆಂದ ಹಾಗೆ. ಎರಡೂ ಉಬ್ಬು ಮೇಲಾದರೆ ಇಲ್ಲ. ಎರಡೂ ಸಪಾಟು ಮೇಲಾದರೆ ಹಿರಿಯರು ನಗುತ್ತಿದ್ದಾರೆ, ಮತ್ತೆ ಕೇಳಬೇಕು. ಮದುವೆಯಂಥ ದೊಡ್ಡ ಮಾತಿಗೆ ಮೂರು ಸಲ ಒಂದೇ ಉತ್ತರ ಬೀಳಬೇಕು.

ನನಗೆ ಬೇರೆ ವಿವರಣೆ ಬೇಕಿರಲಿಲ್ಲ. ನನ್ನ ಅವ್ವ ಊರಿನ ಗುಡಿಯಲ್ಲಿ ಹೂ ಕೇಳುತ್ತಿದ್ದಳು. ದೇವರ ಮೈಮೇಲೆ ಒದ್ದೆ ಹೂ ಅಂಟಿಸಿ ಪ್ರಶ್ನೆ ಕೇಳುವುದು, ಬಲಕ್ಕೆ ಬಿದ್ದರೆ ಹೌದು, ಎಡಕ್ಕೆ ಬಿದ್ದರೆ ಇಲ್ಲ. ಹೊಲ ಮಾರುವುದಿರಲಿ, ಹಲ್ಲು ಕೀಳಿಸುವುದಿರಲಿ, ಹೂ ಕೇಳದೆ ನಮ್ಮ ಮನೆಯಲ್ಲಿ ಏನೂ ನಡೆಯುತ್ತಿರಲಿಲ್ಲ.

ಮುದುಕಿ ಕಣ್ಣು ಮುಚ್ಚಿ ಗೊಣಗಿ ತುಂಡುಗಳನ್ನು ಬಿಟ್ಟಳು. ಸಿಮೆಂಟಿನ ಮೇಲೆ ಟಕ್ಕೆಂದು ಬಿದ್ದವು. ಎರಡೂ ಉಬ್ಬು ಮೇಲೆ. ಇನ್ನೊಮ್ಮೆ ಎತ್ತಿದಳು. ಅದೇ. ಮೂರನೆಯ ಸಲ ಬಿಟ್ಟಾಗ ಒಂದು ತುಂಡು ಅಂಚಿನ ಮೇಲೆ ಗಿರಕಿ ಹೊಡೆದು ಬಿತ್ತು. ಮತ್ತೆ ಎರಡೂ ಉಬ್ಬು. ಚಿಕ್ಕಪ್ಪ ನೆಲ ನೋಡಿದರು. ಮುದುಕಿ ತುಂಡುಗಳನ್ನು ಒರೆಸಿ ಮೇಜಿನ ಮೇಲಿಟ್ಟು, ಹುಡುಗನ ಕಡೆ ನೋಡದೆ ಏನೋ ಹೇಳಿದಳು. ಹಿರಿಯರು ಬೇಡ ಅನ್ನುತ್ತಿದ್ದಾರೆ.

ನನ್ನ ಮಗಳು ಬಾಗಿಲ ಪಕ್ಕದ ಬೆಂಚಿನ ಮೇಲೆ ಕೂತು ಎರಡೂ ಕೈಯನ್ನು ಮೊಣಕಾಲುಗಳ ನಡುವೆ ಒತ್ತಿಕೊಂಡಳು. ಚಿಕ್ಕವಳಿದ್ದಾಗ ಶಾಲೆಯ ಆಟದ ತಂಡಕ್ಕೆ ತನ್ನನ್ನು ಆರಿಸದೆ ಬಿಟ್ಟಾಗ ಹೀಗೆಯೇ ಕೂತಿದ್ದಳು.

ನಾನು ಬೇಡಿಕೊಂಡದ್ದು ಇದನ್ನೇ. ಕೇಳಿದ್ದು ಕೇಳಿದ ಹಾಗೆಯೇ ಕೈಗೆ ಬಂದಿತ್ತು. ಎದ್ದು, ಆಗಲಿ ಬಿಡವ್ವಾ, ದೈವ ಒಪ್ಪಲಿಲ್ಲ ಎಂದು ಎರಡು ಮಾತು ಸಮಾಧಾನ ಹೇಳಿ ಮನೆಗೆ ಕರೆದುಕೊಂಡು ಹೊರಟರೆ ಮುಗಿಯಿತು. ಎದ್ದೆ. ಅಂಗಾಲಿನಿಂದ ನೆತ್ತಿಯವರೆಗೆ ಉರಿದುಹೋಯಿತು. ನನ್ನ ಮಗಳನ್ನು ಬೇಡ ಅನ್ನಲು ಇವರು ಯಾರು?

"ಏನಂತ ಕೇಳಿದರು?" ಎಂದು ಹುಡುಗನನ್ನು ಕೇಳಿದೆ.

"ಆಂಟಿ?"

"ನಿಮ್ಮ ಅಜ್ಜಿ ಹಿರಿಯರನ್ನ ಏನಂತ ಕೇಳಿದರು, ಸರಿಯಾಗಿ ಹೇಳು."

ಅವನು ಹೇಳಿದ. ದೂರ ದೇಶದ ಹುಡುಗಿ, ನಮ್ಮ ಜನವಲ್ಲ, ಈ ಮನೆಗೆ ಬರಬಹುದೇ ಎಂದು ಕೇಳಿದ್ದಂತೆ.

"ಅಯ್ಯಯ್ಯ, ಹಂಗ ಕೇಳಿದರ ಯಾವ ದೇವರು ಹೂಂ ಅಂತಾನ?" ಕನ್ನಡದಲ್ಲೇ ಬಂದುಬಿಟ್ಟಿತು. ಆಮೇಲೆ ಇಂಗ್ಲಿಷಿಗೆ ತಿರುಗಿಸಿ ಹೇಳಿದೆ. ನಾನು ಲ್ಯಾಬಿನಲ್ಲಿ ದಿನಾ ಮಾಡುವ ಕೆಲಸವೇ ಇದು. ಪರೀಕ್ಷೆಗೆ ಇಟ್ಟದ್ದೇ ಸರಿಯಿಲ್ಲದಿದ್ದರೆ ಬಂದ ಉತ್ತರಕ್ಕೆ ಬೆಲೆಯಿಲ್ಲ. ಹುಡುಗಿಯ ಹೆಸರು ಹೇಳಿಲ್ಲ, ಯಾರ ಮಗಳೆಂದು ಹೇಳಿಲ್ಲ, ಎಂಥವಳೆಂದು ಹೇಳಿಲ್ಲ. ನಮ್ಮ ಅವ್ವ ಹೂ ಕೇಳುವಾಗ ದೇವರಿಗೆ ಇಡೀ ಮನೆತನದ ಕಥೆ ಹೇಳಿ, ಅವನ ಮೇಲೆ ನಾಲ್ಕು ಆರೋಪ ಹೊರಿಸಿ, ಆಮೇಲೆ ಪ್ರಶ್ನೆಗೆ ಬರುತ್ತಿದ್ದಳು. ಪೂಜಾರಿಯೇ ಸಾಕಾಗಿ ಪಕ್ಕಕ್ಕೆ ಹೋಗಿ ಕೂತುಬಿಡುತ್ತಿದ್ದ. ಮತ್ತೆ ಕೇಳಬೇಕು ಎಂದೆ. ಸರಿಯಾಗಿ ಕೇಳಬೇಕು.

ಗಂಡ ನನ್ನ ತೋಳು ಹಿಡಿದರು. "ಏನ್ ಮಾಡಾಕತ್ತಿ ನೀ?" ಎಂದರು. ಕೊಡವಿಕೊಂಡೆ.

ಹುಡುಗ ನನ್ನ ಮಾತನ್ನೆಲ್ಲ ಅಜ್ಜಿಗೆ ಹೇಳಿದ. ಮುದುಕಿ ನನ್ನ ಮುಖವನ್ನೇ ನೋಡುತ್ತ ಕೇಳಿ, ಎರಡು ಮೂರು ವಾಕ್ಯ ಹೇಳಿದಳು. ಹುಡುಗ ನನ್ನ ಕಡೆ ತಿರುಗಿದ.

"ಇದನ್ನು ಹೇಳಲೇಬೇಕಾ, ಆಂಟಿ?"

"ಹೇಳು."

"ಹುಡುಗಿಯ ತಾಯಿ ನಿನ್ನೆ ಬಂದಾಗಿನಿಂದ ಮುಖ ಗಂಟು ಹಾಕಿಕೊಂಡಿದ್ದಾಳೆ ಅಂತಾರೆ. ನನ್ನಂಥ ಮುದುಕಿಗೇ ಕಂಡದ್ದು ಹಿರಿಯರಿಗೆ ಕಾಣುವುದಿಲ್ಲವೇ ಅಂತಾರೆ. ಕೊಡುವವಳ ಬಾಯಿಂದ ಒಂದು ಮಾತು ಬಂದಿಲ್ಲ, ನಾನು ಏನೆಂದು ಹೇಳಿ ಕೇಳಲಿ ಅಂತಾರೆ."

ಮುದುಕಿ ಮೇಜಿನಿಂದ ಎರಡೂ ತುಂಡು ತೆಗೆದು ನನ್ನ ಅಂಗೈಯಲ್ಲಿಟ್ಟು ಬೆರಳು ಮಡಿಸಿದಳು. ನೀನೇ ಕೇಳು. ಅದಕ್ಕೊಂದು ಕ್ರಮವಿದೆ ಎಂದು ಹುಡುಗ ಹೇಳಿದ. ಮೊದಲು ನೀವು ಯಾರು, ಎಲ್ಲಿರುತ್ತೀರಿ ಎಂದು ಹೇಳಬೇಕು, ಇಲ್ಲದಿದ್ದರೆ ಉತ್ತರ ಯಾರಿಗೆ ಎಂದು ಹಿರಿಯರಿಗೆ ಗೊತ್ತಾಗುವುದಿಲ್ಲ. ಆಮೇಲೆ ಬೇಕಾದ್ದನ್ನು ಸ್ಪಷ್ಟವಾಗಿ, ಗಟ್ಟಿಯಾಗಿ ಹೇಳಬೇಕು. ಮನಸ್ಸಿನಲ್ಲಿ ಒಂದಿಟ್ಟುಕೊಂಡು ಬಾಯಲ್ಲಿ ಒಂದು ಹೇಳಿದರೆ ತುಂಡುಗಳು ಸರಿಯಾಗಿ ಬೀಳುವುದಿಲ್ಲ. ಯಾವ ಭಾಷೆಯಾದರೂ ನಡೆಯುತ್ತದೆ, ಸತ್ತವರಿಗೆ ಎಲ್ಲವೂ ತಿಳಿಯುತ್ತದೆ ಎಂದು ಅಜ್ಜಿ ಹೇಳಿದಳಂತೆ.

ಫಲಕದ ಮುಂದೆ ನಿಂತೆ. ಮದುವೆಗೆ ಒಪ್ಪುತ್ತೇನೆ ಎಂದು ನಾನು ಎದ್ದು ನಿಂತಿರಲಿಲ್ಲ, ಸಿಟ್ಟಿಗೆ ನಿಂತಿದ್ದೆ ಅಷ್ಟೆ. ನನ್ನ ಮಗಳು ಎಂಥವಳೆಂದು ಇವರಿಗೆ ಗೊತ್ತಾಗಲಿ, ಆಮೇಲೆ ಬೇಡ ಎನ್ನಲಿ ನೋಡೋಣ ಎಂದು.

"ನಾವು ಬಾಥೆಲ್‌ನಾಗ ಇರತೇವ್ರಿ" ಎಂದು ನಮ್ಮ ಮೂವರ ಹೆಸರೂ ಹೇಳಿ ಶುರು ಮಾಡಿದೆ. "ಮೂಲ ಗದಗಿನ ಕಡೆಯವರು. ನಿಮಗ ಗದಗ ಗೊತ್ತಿರಾಕಿಲ್ಲ, ಇರ್ಲಿ. ನಮಗ ಒಬ್ಬಾಕಿ ಮಗಳು. ಅಲ್ಲಿ ಬೆಂಚಿನ ಮ್ಯಾಲೆ ಕುಂತಾಳ ನೋಡ್ರಿ, ಆಕಿ. ಓದಿನ್ಯಾಗ ಭಾಳ ಶ್ಯಾಣ್ಯಾಕಿ. ಸುಳ್ಳು ಹೇಳಂಗಿಲ್ಲ, ಹೇಳಾಕ ಹ್ವಾದ್ರ ಕಿವಿ ಕೆಂಪಾಗ್ತಾವ. ಸಿಟ್ಟು ಭಾಳ. ಅದು ನನ್ನ ಕಡೆಯಿಂದ ಬಂದೈತಿ, ಆಕಿಗೆ ಬೈಬ್ಯಾಡ್ರಿ."

ಹಿಂದೆ ಗಂಡ ಕೆಮ್ಮಿದರು. ನಾನು ನಿಲ್ಲಿಸಲಿಲ್ಲ. ಒಳ್ಳೆಯದಷ್ಟೇ ಹೇಳಬೇಕೆಂದಿದ್ದೆ, ಆದರೆ ಬಾಯಿ ತೆರೆದ ಮೇಲೆ ಎಲ್ಲವೂ ಬರತೊಡಗಿತು.

"ಮುಂಜಾನೆ ಲಗೂ ಏಳಂಗಿಲ್ಲ. ಚಳಿಗಾಲದಾಗ ಕೆಮ್ಮು ಹಿಡಿತಂದ್ರ ಬಿಡೂದಿಲ್ಲ, ಬಿಸಿನೀರು ಕುಡಿ ಅಂದ್ರ ಕೇಳೂದಿಲ್ಲ. ಅಳು ಬಂತಂದ್ರ ಕೋಲಿ ಬಾಗಲಾ ಹಾಕ್ಕೋತಾಳ. ಬಾಗಲಾ ಬಡಿದ್ರ ತಗಿಯೂದಿಲ್ಲ. ಸುಮ್ನ ಹೊರಗ ಕುಂತಿರಬೇಕು, ಆಮ್ಯಾಲ ತಾನ ತಗೀತಾಳ. ಇದು ಯಾರಿಗೂ ಗೊತ್ತಿಲ್ಲ, ನನಗೊಬ್ಬಾಕಿಗೇ ಗೊತ್ತು. ನಿಮ್ಮ ಹುಡುಗಗ ಹೇಳ್ರಿ, ಬಾಗಲಾ ಬಡಿಬ್ಯಾಡ ಅಂತ. ಹೊರಗ ಕುಂತಿರು ಅಂತ ಹೇಳ್ರಿ."

ಇಷ್ಟೆಲ್ಲ ಹೇಳಿದ ಮೇಲೆ ಉಳಿದಿದ್ದು ಒಂದೇ ಮಾತು. ಸ್ಪಷ್ಟವಾಗಿ, ಗಟ್ಟಿಯಾಗಿ ಹೇಳಬೇಕೆಂದು ಹುಡುಗ ಹೇಳಿದ್ದ.

"ಈಕಿನ್ನ ನಿಮ್ಮ ಮನಿಗೆ ಕೊಡಾಕ ಬಂದೇನ್ರಿ" ಎಂದೆ. "ಹೂಂ ಅನ್ರಿ."

ನಡುಮನೆಯಲ್ಲಿ ಅದು ಅರ್ಥವಾಗಿದ್ದು ಇಬ್ಬರಿಗೆ ಮಾತ್ರ. ಗಂಡ ಕನ್ನಡಕ ತೆಗೆದು ಒರೆಸಿಕೊಂಡರು. ಮಗಳು ಬೆಂಚಿನಿಂದ ಎದ್ದುನಿಂತಿದ್ದಳು, ಕೈ ಬಾಯಿಯ ಮೇಲಿತ್ತು.

ಇನ್ನು ತುಂಡುಗಳನ್ನು ಬಿಡಬೇಕು. ನನ್ನ ಕೈ ಬಿಚ್ಚಲೇ ಇಲ್ಲ. ಈಗ ತಾನೇ ಬೇಡ ಎಂದ ಹಿರಿಯರು ಮತ್ತೆ ಬೇಡ ಎಂದರೆ? ಊಟಕ್ಕೆ ಕೂತಾಗ ಇವರು ಬೇಡ ಎನ್ನಲಿ ಎಂದು ಹಾರೈಸುತ್ತಿದ್ದವಳು ನಾನು. ಎಲ್ಲರೂ ಕಾಯುತ್ತಿದ್ದರು. ಕೊನೆಗೆ ಕಣ್ಣು ಮುಚ್ಚಿ ಬಿಟ್ಟೆ.

ಟಕ್ಕೆಂದು ಸದ್ದಾಯಿತು. ಕಣ್ಣು ತೆರೆದೆ. ಎರಡೂ ಉಬ್ಬು ಮೇಲೆ.

ಆಗ ಅಜ್ಜಿ ಎದ್ದಳು. ಅವಸರವಿಲ್ಲದೆ ನಡೆದುಹೋಗಿ ನಡುಮನೆಯ ದೊಡ್ಡ ಬಾಗಿಲಿನ ಎರಡೂ ಹಲಗೆಗಳನ್ನು ಎಳೆದು ಮುಚ್ಚಿ ಅಗುಳಿ ಹಾಕಿದಳು. ತಿರುಗಿ ಬಂದು ತುಂಡುಗಳನ್ನು ಎತ್ತಿ ಮತ್ತೆ ನನ್ನ ಕೈಯಲ್ಲಿಟ್ಟು ಹುಡುಗನಿಗೆ ಒಂದು ಮಾತು ಹೇಳಿದಳು.

"ಗಾಳಿ ಬಂತಂತೆ" ಎಂದ ಹುಡುಗ. "ಅದು ಲೆಕ್ಕಕ್ಕಿಲ್ಲವಂತೆ."

ಗಟ್ಟಿ ಮರದ ತುಂಡುಗಳು ಅವು. ಯಾವ ಗಾಳಿಗೂ ಅಲ್ಲಾಡುವಂಥವಲ್ಲ. ಅದು ನನಗೂ ಗೊತ್ತಿತ್ತು, ಅವಳಿಗೂ ಗೊತ್ತಿತ್ತು, ಗೋಡೆಯ ಮೇಲಿದ್ದ ಅಜ್ಜನಿಗೂ ಗೊತ್ತಿರಬೇಕು. ಅಜ್ಜಿ ಫಲಕದ ಕಡೆ ತಿರುಗಿ, ತನ್ನ ಜನಕ್ಕೆ ಗದರುವ ದನಿಯಲ್ಲಿ ಉದ್ದಕ್ಕೆ ಏನೋ ಹೇಳಿದಳು. ಅದನ್ನು ಹುಡುಗ ನಮಗೆ ಹೇಳಲಿಲ್ಲ, ನಾವು ಕೇಳಲೂ ಇಲ್ಲ. ಆಮೇಲೆ ನನ್ನ ಮೊಣಕೈ ತಟ್ಟಿದಳು.

ಬಿಟ್ಟೆ. ಒಂದು ಸಪಾಟು, ಒಂದು ಉಬ್ಬು.

ಹುಡುಗ ಫಲಕದ ಮುಂದೆ ಬಗ್ಗಿ ಕೈಮುಗಿದ. ಚಿಕ್ಕಪ್ಪ ಮೊದಲ ಸಲ ಹಲ್ಲು ಕಾಣುವ ಹಾಗೆ ನಕ್ಕರು. ದೊಡ್ಡ ಮಾತಿಗೆ ಮೂರು ಸಲ ಬೀಳಬೇಕಲ್ಲವೇ ಎಂದು ಗಂಡ ಕೇಳಲು ಹೊರಟರು, ಅಂಥ ಹೊತ್ತಿನಲ್ಲೇ ಇವರಿಗೆ ಬಾಯಿ ಬರುವುದು. ಅಜ್ಜಿ ಆಗಲೇ ತುಂಡುಗಳನ್ನು ಮೇಜಿನ ಮೇಲಿಟ್ಟು, ಕಿತ್ತಳೆ ಸುಲಿಯಲು ಶುರು ಮಾಡಿದ್ದಳು.

ಮಗಳು ಬಂದು ನನ್ನನ್ನು ಅಪ್ಪಿಕೊಂಡಳು. ಅವಳ ಮುಖ ಒದ್ದೆಯಾಗಿತ್ತು, ನನ್ನದೂ. ಕಿವಿಯ ಹತ್ತಿರ ಇಂಗ್ಲಿಷಿನಲ್ಲಿ, ನಾನೇನು ಸಾಮಾನಲ್ಲ ಅಮ್ಮಾ, ಕೊಡುವುದಕ್ಕೆ ಎಂದಳು. ಅಳುತ್ತ ಅಳುತ್ತಲೂ ತಕರಾರು ಬಿಡಲಿಲ್ಲ.

"ಗೊತ್ತೈತವ್ವಾ" ಎಂದೆ. "ಹಂಗಿದ್ರೂ ಕೊಡಾಕ ಕೈ ಬರವಲ್ದಾಗಿತ್ತು ನೋಡು."